ಒಂದೇ ಸಲ ಕಂಡದ್ದಕ್ಕೆ ಎಷ್ಟು ಮಾರ್ಕು?

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

"ನಿಮ್ಮ ಕಣ್ಣಿಗೆ ಬಿದ್ದ, ಆದರೆ ಯಾರೂ ನಂಬದ ಪ್ರಕೃತಿಯ ವಿಚಿತ್ರಗಳನ್ನು ಬರೆದು ಕಳಿಸಿ" ಎಂದು ಸಂಪಾದಕರು ಎರಡು ತಿಂಗಳ ಹಿಂದೆ ಪ್ರಕಟಣೆ ಹಾಕಿಬಿಟ್ಟರು. ಉತ್ತರ ಬರೆಯಬೇಕಾದವನು ನಾನು, ನನ್ನನ್ನು ಒಂದು ಮಾತು ಕೇಳಲಿಲ್ಲ. ಮಡಿಕೇರಿಯಲ್ಲಿ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಹಿಡಿದಾಗ ಅಂಚೆಯಲ್ಲಿ ಬಂದ ಕಾಗದ ಕೈಯಲ್ಲಿ ಹಿಡಿದರೆ ಜೋತುಬೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಪತ್ರಗಳನ್ನು ಹರಡಿ, ಒಣಗಿಸಿ ಓದಿದ್ದೇನೆ. ಈಗ ಎಲ್ಲಕ್ಕೂ ಹೊಗೆಯ ವಾಸನೆ. ಪಕ್ಕದಲ್ಲೇ ಹಂದಿಮಾಂಸವೂ ಹೊಗೆಗೆ ತೂಗುಬಿದ್ದಿತ್ತಾದ್ದರಿಂದ ನನ್ನಾಕೆ ಈ ಸಲದ ಅಂಕಣಕ್ಕೆ ಬೇರೆಯೇ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸತ್ತುಹೋದವರು ಕನಸಿನಲ್ಲಿ ಬಂದು ಮಾತಾಡಿದ ಐದು ಪತ್ರಗಳನ್ನು ಗೌರವದಿಂದಲೇ ಪಕ್ಕಕ್ಕಿಟ್ಟೆ. ಅದು ನನ್ನ ಸಬ್ಜೆಕ್ಟ್ ಅಲ್ಲ.

*ಪ್ರಶ್ನೆ: 1979ರ ಏಪ್ರಿಲ್, ನನಗೆ ಹನ್ನೊಂದು ವರ್ಷ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆ. ಮಧ್ಯಾಹ್ನ ಜೋರು ಗುಡುಗು ಮಳೆ. ಅಡುಗೆಮನೆ ಕಿಟಕಿಯ ಪಕ್ಕ ಕಿತ್ತಳೆ ಹಣ್ಣಿನಷ್ಟು ದೊಡ್ಡ ಹಳದಿ ಬೆಳಕಿನ ಉಂಡೆ ಕಂಡಿತು. ಸೊಂಟದ ಎತ್ತರದಲ್ಲಿ ತೇಲಿಕೊಂಡು ಬಂತು, ನೀರಿನ ಹಂಡೆಯ ಹಿಂದೆ ಮರೆಯಾಗಿ ಈಚೆ ಬಂತು, ನಡುಮನೆ ಬಾಗಿಲಲ್ಲಿ ಟಪ್ ಎಂದು ಒಡೆದು ಇಲ್ಲವಾಯಿತು. ಅವ್ವ ಶಬ್ದ ಕೇಳಿದಳು, ತಿರುಗಿ ನೋಡುವಷ್ಟರಲ್ಲಿ ಏನೂ ಇರಲಿಲ್ಲ. ಇವತ್ತಿಗೂ ಮನೆಯಲ್ಲಿ ನನ್ನನ್ನು 'ಉಂಡೆ' ಎಂದೇ ಆಡಿಕೊಳ್ಳುತ್ತಾರೆ. ನಾನು ಕಂಡದ್ದು ನಿಜವೇ ಸರ್?*

ಅಕ್ಕಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಮಾರ್ಕು ಕೊಡುವ ಕ್ರಮ ಹೇಳುತ್ತೇನೆ, ಆಮೇಲೆ ನಿಮ್ಮ ಮಾರ್ಕು.

ಅಮೆರಿಕದಲ್ಲಿ ವಿಲಿಯಂ ಕಾರ್ಲಿಸ್ ಎಂಬ ಭೌತವಿಜ್ಞಾನಿ ಇದ್ದರು. 1970ರ ದಶಕದಿಂದ ಶುರುಮಾಡಿ ದಶಕಗಳ ಕಾಲ ಹಳೆಯ ವಿಜ್ಞಾನ ಪತ್ರಿಕೆಗಳನ್ನು ತಿರುವಿಹಾಕುತ್ತಾ, 'ಇದು ಲೆಕ್ಕಕ್ಕೆ ಸಿಗುತ್ತಿಲ್ಲ' ಎಂದು ಯಾರೋ ಬರೆದು ಬಿಟ್ಟಿದ್ದ ಸಂಗತಿಗಳನ್ನೆಲ್ಲ ಹೆಕ್ಕಿ ವಿಂಗಡಿಸಿದ ಮನುಷ್ಯ. ಅವರು ಪ್ರತಿ ಸಂಗತಿಗೂ ಎರಡು ಬೇರೆ ಬೇರೆ ಅಂಕ ಕೊಡುತ್ತಿದ್ದರು. ಒಂದು, ಸಾಕ್ಷ್ಯ ಎಷ್ಟು ಗಟ್ಟಿ ಎನ್ನುವುದಕ್ಕೆ. ಇನ್ನೊಂದು, ಅದು ನಿಜವೇ ಆಗಿದ್ದರೆ ಈಗಿರುವ ತಿಳಿವಳಿಕೆಗೆ ಎಷ್ಟು ತೊಡಕು ಎನ್ನುವುದಕ್ಕೆ. ಅವರದು ನಾಲ್ಕು ಹಂತದ ಅಳತೆ. ನಾನು ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದವನು, ಹತ್ತಕ್ಕೆ ಕೊಟ್ಟೇ ಅಭ್ಯಾಸ.

ನಿಮ್ಮ ಮನೆಯವರು ಮಾಡಿದ ತಪ್ಪು ಇಷ್ಟೇ. ಎರಡನೆಯ ಅಂಕ ಜಾಸ್ತಿ ಎಂದು ಮೊದಲನೆಯದನ್ನು ಕಡಿಮೆ ಮಾಡಿಬಿಟ್ಟರು. ವಿಚಿತ್ರವಾಗಿದೆ, ಆದ್ದರಿಂದ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂಬ ಲೆಕ್ಕ. ಇದೇ ತಪ್ಪನ್ನು ನಿಮ್ಮ ಮನೆಯವರಿಗಿಂತ ದೊಡ್ಡವರೂ ಮಾಡಿದ್ದಾರೆ. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಹೊಲದಲ್ಲಿದ್ದವರ ಕಣ್ಣೆದುರೇ ಆಕಾಶದಿಂದ ಕಲ್ಲೊಂದು ಬಿತ್ತು. ಅದನ್ನು ಪರೀಕ್ಷಿಸಿದ ವಿಜ್ಞಾನ ಅಕಾಡೆಮಿಯ ಸಮಿತಿಯಲ್ಲಿ ರಸಾಯನಶಾಸ್ತ್ರದ ಮಹಾಪುರುಷ ಲವಾಸಿಯೇ ಇದ್ದ. ಇದು ನೆಲದ ಕಲ್ಲೇ, ಇದಕ್ಕೆ ಸಿಡಿಲು ಹೊಡೆದಿದೆ ಎಂದು ಸಮಿತಿ ತೀರ್ಮಾನಿಸಿತು. ಆಕಾಶದಲ್ಲಿ ಕಲ್ಲೆಲ್ಲಿಂದ ಬರಬೇಕು ಎನ್ನುವುದು ಆ ಕಾಲದ ನ್ಯಾಯ. 1803ರ ಏಪ್ರಿಲ್ 26ರಂದು ಅದೇ ಫ್ರಾನ್ಸಿನ ಲೆಗ್ಲ್ ಊರಿನ ಸುತ್ತ ಸುಮಾರು ಮೂರು ಸಾವಿರ ಕಲ್ಲುಗಳು ಬಿದ್ದವು. ಸರ್ಕಾರ ಜಾನ್ ಬ್ಯಾಪ್ಟಿಸ್ಟ್ ಬಿಯೋ ಎಂಬ ಯುವ ವಿಜ್ಞಾನಿಯನ್ನು ಕಳಿಸಿತು. ಅವನು ನಮ್ಮ ಕಂದಾಯ ಇಲಾಖೆಯ ಮಹಜರಿನ ಹಾಗೆ ಊರೂರು ತಿರುಗಿದ. ಪಾದ್ರಿ, ಬೇಸಾಯಗಾರ ಎನ್ನದೆ ಒಬ್ಬರಿಗೊಬ್ಬರು ಪರಿಚಯವಿಲ್ಲದವರ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟ. ಕಲ್ಲು ಸಿಕ್ಕ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದ, ಉದ್ದನೆಯ ಮೊಟ್ಟೆಯಾಕಾರ ಮೂಡಿತು. ಆ ಸೀಮೆಯ ಕುಲುಮೆ, ಗಣಿಗಳಲ್ಲಿ ಅಂಥ ಕಲ್ಲು ಬರುವುದಿಲ್ಲವೆಂದೂ ಖಚಿತಪಡಿಸಿಕೊಂಡ. ಅಲ್ಲಿಗೆ ಉಲ್ಕಾಶಿಲೆ ಕಟ್ಟುಕಥೆಯ ಪಟ್ಟಿಯಿಂದ ಪಠ್ಯಪುಸ್ತಕಕ್ಕೆ ಬಂತು. ಕಲ್ಲು ಮೊದಲೂ ಬೀಳುತ್ತಿತ್ತು. ಹೇಳಿಕೆಗಳನ್ನು ಸಾಲಾಗಿ ಇಟ್ಟು ನೋಡಿದವರು ಇರಲಿಲ್ಲ, ಅಷ್ಟೇ.

ನೀವು ಕಂಡದ್ದಕ್ಕೆ 'ಚೆಂಡು ಮಿಂಚು' ಎನ್ನಬಹುದು, ಇಂಗ್ಲಿಷಿನಲ್ಲಿ ಬಾಲ್ ಲೈಟ್ನಿಂಗ್. ಗುಡುಗು ಮಳೆಯ ಹೊತ್ತು, ದ್ರಾಕ್ಷಿಯಿಂದ ಹಿಡಿದು ಕುಂಬಳಕಾಯಿವರೆಗಿನ ಗಾತ್ರ, ಕೆಲವು ಸೆಕೆಂಡುಗಳ ಬಾಳು, ಮಾಯವಾಗುವಾಗ ಕೆಲವೊಮ್ಮೆ ಶಬ್ದ. ಇಂಥ ಸಾವಿರಾರು ಹೇಳಿಕೆಗಳು ಹಲವು ದೇಶಗಳಿಂದ ಬಂದಿವೆ. ನೀವು ಓದಿರದ ಆ ಹೇಳಿಕೆಗಳಿಗೂ ನಿಮ್ಮ ಪತ್ರಕ್ಕೂ ಹೊಂದುತ್ತದೆ.

ಆದರೂ ಅನುಮಾನಪಡುವುದು ನನ್ನ ಕೆಲಸ. ಹತ್ತಿರದಲ್ಲಿ ಮಿಂಚು ಹೊಡೆದರೆ ಕಣ್ಣಿನ ಪರದೆಯ ಮೇಲೆ ಬೆಳಕಿನ ಕಲೆ ಕೆಲವು ಕ್ಷಣ ಉಳಿಯುತ್ತದೆ. ಕಣ್ಣು ಹೊರಳಿದ ಕಡೆ ಅದೂ ಹೊರಳುವುದರಿಂದ ಉಂಡೆಯೊಂದು ತೇಲುತ್ತಿದೆ ಎನ್ನಿಸಬಹುದು. ನಿಮ್ಮ ಪತ್ರದಲ್ಲಿ ನನ್ನ ಕೈ ತಡೆದದ್ದು ಹಂಡೆ. ಕಣ್ಣಿನೊಳಗಿನ ಕಲೆ ಹಂಡೆಯ *ಹಿಂದೆ* ಹೋಗಲಾರದು, ಅದು ಎಲ್ಲದರ ಮುಂದೆಯೇ ಕಾಣಬೇಕು. ನೀವು ಮರೆಯಾಗಿ ಈಚೆ ಬಂತು ಎಂದು ಬರೆದಿದ್ದೀರಿ. ಅವ್ವ ಬೆನ್ನು ಹಾಕಿಕೊಂಡೇ ಶಬ್ದ ಕೇಳಿದರು ಎಂದೂ ಬರೆದಿದ್ದೀರಿ. ಈ ಎರಡು ಮಾತಿಗೆ ಮಾರ್ಕು ಏರಿತು. ನಾಲ್ಕು ದಶಕ ದಾಟಿದ ನೆನಪು, ಹನ್ನೊಂದು ವರ್ಷದ ವಯಸ್ಸು, ಅಂದೇ ಬರೆದಿಟ್ಟ ಚೀಟಿ ಇಲ್ಲ. ಇದಕ್ಕೆ ಇಳಿಯಿತು. ಸಾಕ್ಷ್ಯಕ್ಕೆ ಹತ್ತರಲ್ಲಿ ಆರು, ತೊಡಕಿಗೆ ಏಳು.

ತೊಡಕು ಏಳೇ ಏಕೆ, ಹತ್ತು ಏಕಲ್ಲ? 2012ರ ಜುಲೈಯಲ್ಲಿ ಚೀನಾದ ಚಿಂಗ್‌ಹಾಯ್ ಪ್ರಸ್ಥಭೂಮಿಯಲ್ಲಿ ಲಾನ್‌ಜೋದ ಸಂಶೋಧಕರು ಸಾಮಾನ್ಯ ಮಿಂಚಿನ ಬಣ್ಣಗಳನ್ನು ವಿಂಗಡಿಸಿ ದಾಖಲಿಸಲು ಉಪಕರಣ ಹೂಡಿ ಕೂತಿದ್ದರು. ಸುಮಾರು 900 ಮೀಟರ್ ದೂರದಲ್ಲಿ ಸಿಡಿಲು ನೆಲಕ್ಕೆ ಹೊಡೆಯಿತು, ಹೊಡೆದ ಜಾಗದಿಂದ ಬೆಳಕಿನ ಉಂಡೆ ಎದ್ದಿತು, ಎರಡು ಸೆಕೆಂಡಿಗೂ ಕಡಿಮೆ ಹೊತ್ತು ಇತ್ತು. ಅವರು ಅದಕ್ಕಾಗಿ ಕಾದಿರಲಿಲ್ಲ, ಆದರೆ ಉಪಕರಣ ಅದರತ್ತ ತಿರುಗಿತ್ತು. ದಾಖಲೆಯಲ್ಲಿ ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ ಧಾತುಗಳ ಗೆರೆಗಳಿದ್ದವು. ಅಂದರೆ ಮಣ್ಣು. 2014ರಲ್ಲಿ ಅದು ಪ್ರಕಟವಾಯಿತು. ಸಿಡಿಲಿನ ಕಾವಿಗೆ ಮಣ್ಣಿನ ಸಿಲಿಕಾನ್ ಆವಿಯಾಗಿ, ಗಾಳಿಯಲ್ಲಿ ನಿಧಾನವಾಗಿ ಉರಿಯುವುದೇ ಈ ಉಂಡೆ ಎಂದು ನ್ಯೂಜಿಲೆಂಡಿನ ಇಬ್ಬರು 2000ದಲ್ಲೇ ಹೇಳಿದ್ದರು. ಅವರ ಮಾತಿಗೆ ಇದು ಬಲ ಕೊಟ್ಟಿತು. ಆದರೆ ಮನೆಯೊಳಗೆ, ಮಣ್ಣಿಗೆ ಸಿಡಿಲು ತಾಗಿದ್ದು ಕಾಣದ ಕಡೆ ಬಂದ ಉಂಡೆಗಳಿಗೆ ಈ ವಿವರಣೆ ಸುಲಭವಾಗಿ ಕೂರುವುದಿಲ್ಲ. ಮಣ್ಣಿನ ವಿವರಣೆ ಮೂರು ಮಾರ್ಕು ಇಳಿಸಿತು, ಉಳಿದ ಏಳರ ಆಸುಪಾಸಿನಲ್ಲಿ ನಿಮ್ಮ ಹಂಡೆ ಇದೆ.

ಮನೆಯವರಿಗೆ ಈ ಪುಟ ತೋರಿಸಿ. 'ಉಂಡೆ' ಎಂಬ ಹೆಸರು ಬಿಡಲಾರರು, ಆದರೆ ಕರೆಯುವ ದನಿ ಬದಲಾದೀತು.

*ಪ್ರಶ್ನೆ: ಕಾಣದ್ದನ್ನು ನಂಬಬೇಡ ಅನ್ನುತ್ತದೆ ವಿಜ್ಞಾನ. ಆದರೆ ನಮ್ಮ ಪಿಯುಸಿ ಪುಸ್ತಕದಲ್ಲಿ ನ್ಯೂಟ್ರಿನೊ, ಭೂಮಿಯ ಒಳತಿರುಳು ಎಂದೆಲ್ಲ ಇದೆ. ಅವನ್ನು ಯಾರು ನೋಡಿದ್ದಾರೆ ಸರ್? (ವಿದ್ಯಾರ್ಥಿನಿ, ಗೋಣಿಕೊಪ್ಪ)*

ಮಗೂ, 'ಕಾಣದ್ದನ್ನು ನಂಬಬೇಡ' ಎಂದು ವಿಜ್ಞಾನ ಹೇಳಿಲ್ಲ, ನಿಮ್ಮ ಮೇಷ್ಟ್ರು ಹೇಳಿರಬೇಕು. ನಾನೂ ಕ್ಲಾಸಿನಲ್ಲಿ ಹೇಳಿದ್ದೆ, ಗಲಾಟೆ ಅಡಗಿಸಲು.

ಆನೆ ಕಂಡಿಲ್ಲ, ಆದರೆ ಬೆಳಿಗ್ಗೆ ಎದ್ದರೆ ಬೇಲಿ ಮುರಿದಿದೆ, ಬಾಳೆ ನೆಲಕ್ಕೊರಗಿದೆ, ಲದ್ದಿ ಹಬೆಯಾಡುತ್ತಿದೆ. ನಿನ್ನ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕೇ? ಎಷ್ಟು ಆನೆ, ಮರಿ ಇತ್ತೇ, ಯಾವ ಕಡೆ ಹೋಯಿತು ಎಂದು ತೋಟದ ರೈಟರ್ ನೋಡದೆಯೇ ಹೇಳುತ್ತಾನೆ. ಆನೆ ಆಮೇಲೆ ಯಾವತ್ತಾದರೂ ಎದುರಾಗುತ್ತದೆ, ನ್ಯೂಟ್ರಿನೊ ಎದುರಾಗುವುದೇ ಇಲ್ಲ. ವ್ಯತ್ಯಾಸ ಅಷ್ಟೇ.

1930ರಲ್ಲಿ ಪೌಲಿ ಎಂಬ ಭೌತವಿಜ್ಞಾನಿ ಅಣುಬೀಜದ ಒಂದು ಬಗೆಯ ವಿಘಟನೆಯಲ್ಲಿ ಶಕ್ತಿಯ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಕಾಣದ ಕಣವೊಂದನ್ನು ಊಹಿಸಿದ, ಅದೇ ನ್ಯೂಟ್ರಿನೊ. ಕ್ಯಾಷ್ ಪುಸ್ತಕದಲ್ಲಿ ಐದು ರೂಪಾಯಿ ಕಡಿಮೆ ಬಂದರೆ ಯಾರೋ ತೆಗೆದಿದ್ದಾರೆ ಎನ್ನುವ ಹಾಗೆ. ಸಾಕ್ಷ್ಯ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಅಣುಸ್ಥಾವರವೊಂದರ ಪಕ್ಕ. ಆದರೆ ಆಕಾಶದಿಂದ ಬೀಳುವ ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದು 1965ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ! ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಉಪಕರಣ ಇಟ್ಟಿದ್ದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸರಿಸುಮಾರು ಅದೇ ಹೊತ್ತಿಗೆ ಸಿಕ್ಕಿತು. ಅಷ್ಟು ಆಳ ಏಕೆಂದರೆ, ಮೇಲೆ ಉಳಿದ ಕಣಗಳ ಗದ್ದಲ. ಬಂಡೆ ಆ ಗದ್ದಲವನ್ನು ಬಹುಮಟ್ಟಿಗೆ ತಡೆಯುತ್ತದೆ, ನ್ಯೂಟ್ರಿನೊ ತೂರಿ ಬರುತ್ತದೆ. ಅಪರೂಪದ್ದನ್ನು ಹಿಡಿಯಬೇಕಾದರೆ ಅರ್ಧ ಕೆಲಸ ಸಾಮಾನ್ಯವಾದದ್ದನ್ನು ಹೊರಗಿಡುವುದು.

ಅದೇ ಗಣಿಯಲ್ಲಿ ಇನ್ನೊಂದು ಕಥೆ ಅರ್ಧಕ್ಕೆ ನಿಂತಿದೆ. 1970ರ ದಶಕದಲ್ಲಿ ಕೆಲವೇ ಕೆಲವು ವಿಚಿತ್ರ ಗುರುತುಗಳು ಸಿಕ್ಕವು, ಗೊತ್ತಿಲ್ಲದ ಭಾರದ ಕಣವೊಂದು ಒಡೆದಂತೆ. ಭೌತವಿಜ್ಞಾನಿಗಳು ಅವನ್ನು 'ಕೋಲಾರ ಘಟನೆಗಳು' ಎಂದೇ ಕರೆದರು. ಬೇರೆ ಪ್ರಯೋಗಾಲಯಗಳಲ್ಲಿ ಅವು ದೃಢವಾಗಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಸುಳ್ಳೆಂದು ಯಾರೂ ಹೇಳಲಿಲ್ಲ, ನಿಜವೆಂದು ಪುಸ್ತಕಕ್ಕೂ ಸೇರಿಸಲಿಲ್ಲ. ಕಪಾಟಿನಲ್ಲಿ ಇಂಥವಕ್ಕೂ ಒಂದು ಖಾನೆ ಇರುತ್ತದೆ. ನಾನು ಎಂಎಸ್ಸಿ ಓದುವಾಗ ಆ ಗಣಿ ನೋಡುವ ಆಸೆಯಿಂದ ಮೈಸೂರಿನಿಂದ ಹೋಗಿದ್ದೆ. ಗೇಟಿನಲ್ಲೇ ತಡೆದರು. ಮಸಾಲೆದೋಸೆ ತಿಂದು ವಾಪಸ್ ಬಂದೆ.

ಭೂಮಿಯ ಒಳತಿರುಳಿನದೂ ಇದೇ ದಾರಿ. ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ಹೆಣ್ಣುಮಗಳು 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳನ್ನು ನೋಡುತ್ತಾ, ಅಲೆಗಳು ಬರಬಾರದ ಕಡೆ ಬಂದಿವೆಯಲ್ಲ ಎಂದು ಗಮನಿಸಿದರು. ಉಳಿದವರಿಗೂ ಆ ಸಣ್ಣ ಗೀಟುಗಳು ಕಂಡಿದ್ದವು, ಆದರೆ ಅದು ಹಾಗೇ ಇರುತ್ತದೆ ಎಂದು ಬಿಟ್ಟಿದ್ದರು. ಅವರು ಬಿಡಲಿಲ್ಲ. ಭೂಕಂಪಗಳ ಸಮಯಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದು ಓಟ್ಸ್ ಡಬ್ಬಿಗಳಲ್ಲಿ ಜೋಡಿಸಿಕೊಂಡು, ಮನೆಯ ತೋಟದಲ್ಲಿ ಮೇಜು ಹಾಕಿ ಕೂತು ಲೆಕ್ಕ ಮಾಡುತ್ತಿದ್ದರೆಂದು ಅವರ ಸಂಬಂಧಿಯೊಬ್ಬರು ನೆನಪಿಸಿಕೊಂಡಿದ್ದಾರೆ. 1936ರಲ್ಲಿ ಭೂಮಿಯ ನಡುವೆ ಇನ್ನೊಂದು ತಿರುಳಿದೆ ಎಂದು ತೋರಿಸಿದರು. ಯಾರೂ ಅಲ್ಲಿಗೆ ಹೋಗಿಲ್ಲ, ಹೋಗುವುದೂ ಇಲ್ಲ.

*ಪ್ರಶ್ನೆ: ನಾನು ಮಾಂದಲಪಟ್ಟಿಗೆ ಜೀಪ್ ಓಡಿಸುತ್ತೇನೆ. ಹೋದ ವರ್ಷ ಬೆಳಿಗ್ಗೆ ಕಣಿವೆಯ ಮಂಜಿನ ಮೇಲೆ ನನ್ನ ನೆರಳು, ತಲೆಯ ಸುತ್ತ ಬಣ್ಣದ ಬಳೆ ಕಂಡಿತು. ಪಕ್ಕದಲ್ಲಿದ್ದ ಟೂರಿಸ್ಟ್ ತನ್ನ ತಲೆಗೆ ಮಾತ್ರ ಬಳೆ ಇದೆ ಅಂದ. ಜಗಳವೇ ಆಯಿತು. ಯಾರು ಸರಿ ಮೇಷ್ಟ್ರೇ?*

ಇಬ್ಬರೂ ಸರಿ. ಬಾಡಿಗೆ ಕೊಟ್ಟನೋ ಇಲ್ಲವೋ ಅದನ್ನು ಬರೆದಿಲ್ಲ ನೀವು.

ಬೆನ್ನ ಹಿಂದೆ ಸೂರ್ಯ, ಎದುರಿಗೆ ಮಂಜು. ಮಂಜಿನ ಹನಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ, ಅದರಲ್ಲಿ ಬಣ್ಣಗಳು ಸ್ವಲ್ಪ ಸ್ವಲ್ಪ ಬೇರೆಯಾಗುತ್ತವೆ. ಹಿಂದಕ್ಕೆ ಬರುವ ಆ ಬೆಳಕು ನಿಮ್ಮ ಕಣ್ಣಿಗೆ ಸಿಗುವುದು ನಿಮ್ಮ ಕಣ್ಣಿನ ನೆರಳಿನ ಸುತ್ತ ಮಾತ್ರ. ಹಾಗಾಗಿ ಬಳೆ ಪ್ರತಿಯೊಬ್ಬನಿಗೂ ಅವನವನ ತಲೆಗೇ. ಹನಿ ಸಣ್ಣದಾದಷ್ಟೂ ಬಳೆ ದೊಡ್ಡದು. ವಿಮಾನದ ಕಿಟಕಿಯಿಂದ ಮೋಡದ ಮೇಲೆ ನೋಡಿದರೂ ಕಾಣುತ್ತದೆ. ಬೆಳಗ್ಗೆ ಇಬ್ಬನಿ ಬಿದ್ದ ಗದ್ದೆಯಲ್ಲಿ ನಿಮ್ಮ ನೆರಳಿನ ತಲೆ ಸುತ್ತ ಬಿಳಿ ಹೊಳಪು ಕಂಡಿರಬಹುದು. ಅದು ಬೇರೆ, ಅದಕ್ಕೆ ಬಣ್ಣವಿಲ್ಲ.

1894ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ವೀಕ್ಷಣಾಲಯದಲ್ಲಿ ಎರಡು ವಾರ ಇದ್ದ ಸಿ. ಟಿ. ಆರ್. ವಿಲ್ಸನ್ ಎಂಬ ಯುವಕ ಇದೇ ಬಳೆಯನ್ನು ನೋಡಿ ಮರುಳಾದ. ಪ್ರಯೋಗಾಲಯದಲ್ಲಿ ಮೋಡ ಮಾಡಿ ನೋಡೋಣವೆಂದು ಗಾಜಿನ ಪಾತ್ರೆಯಲ್ಲಿ ಹಬೆ ತಣಿಸುತ್ತಾ ಕೂತ. ಬಳೆಯ ಆಸೆಯಿಂದ ಹೊರಟವನಿಗೆ ಸಿಕ್ಕಿದ್ದು ಬೇರೆ. ವಿದ್ಯುತ್ ಕಣ ಹಾದುಹೋದ ದಾರಿಯಲ್ಲಿ ಹನಿಗಳು ಸಾಲುಗಟ್ಟುತ್ತವೆ, ಕಾಣದ ಕಣ ಹೆಜ್ಜೆ ಬಿಟ್ಟುಹೋಗುತ್ತದೆ. ಅದೇ ಮೋಡಕೋಶ, ಅದಕ್ಕೆ 1927ರಲ್ಲಿ ನೊಬೆಲ್. ಗೋಣಿಕೊಪ್ಪದ ಹುಡುಗಿ ಇದನ್ನೂ ಓದಲಿ.

ಕಾಲೇಜಿನಲ್ಲಿದ್ದಾಗ ಒಂದು ಮೋಡಕೋಶ ಮಾಡಿದ್ದೆವು. ಮೈಸೂರಿನಿಂದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಣಮಂಜುಗಡ್ಡೆ ತಂದೆ, ಕುಶಾಲನಗರ ದಾಟುವಷ್ಟರಲ್ಲಿ ಅರ್ಧ ಆವಿ, ಬಸ್ಸಿನ ಕಂಡಕ್ಟರ್ ಹೊಗೆ ನೋಡಿ ಇಳಿಸಲು ಬಂದಿದ್ದ. ಗಾಜಿನ ಡಬ್ಬಿಯ ಒಳಗೆ ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದ ಫೆಲ್ಟ್, ತಳಕ್ಕೆ ಕಪ್ಪು ತಗಡು, ಅದರಡಿ ಉಳಿದಷ್ಟು ಮಂಜುಗಡ್ಡೆ. ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ನ ತುಂಡೊಂದನ್ನು ಒಳಗಿಟ್ಟೆವು. ಆಗಿನ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು. ಹತ್ತು ನಿಮಿಷ ಏನೂ ಇಲ್ಲ. ಹುಡುಗರು ಆಕಳಿಸಿದರು. ಕೋಣೆ ಕತ್ತಲು ಮಾಡಿ ಟಾರ್ಚ್ ಅಡ್ಡ ಹಿಡಿದಾಗ, ತಗಡಿನ ಮೇಲೆ ಬೆರಳಗಲದಷ್ಟು ಉದ್ದದ ಬಿಳಿ ಗೆರೆಯೊಂದು ಚಿಮ್ಮಿ ಕರಗಿತು, ಸೀಮೆಸುಣ್ಣದಲ್ಲಿ ಯಾರೋ ಗೀಚಿ ಊದಿದ ಹಾಗೆ. ಆಮೇಲೆ ಇನ್ನೊಂದು. ಕೊನೆ ಬೆಂಚಿನ ಹುಡುಗನೊಬ್ಬ "ಮೇಷ್ಟ್ರೇ, ಬಂತು" ಎಂದು ಕೂಗಿದ್ದು ಪ್ರಿನ್ಸಿಪಾಲರ ಕೋಣೆಗೂ ಕೇಳಿತ್ತು.

ಇನ್ನೊಂದು ಸ್ವಾರಸ್ಯ. ದೊಡ್ಡ ಗುಡುಗುಮೋಡಗಳ ಮೇಲೆ, ಬಹಳ ಎತ್ತರದಲ್ಲೂ ಬೆಳಕು ಚಿಮ್ಮಬಹುದು ಎಂದು ಇದೇ ವಿಲ್ಸನ್ 1920ರ ದಶಕದಲ್ಲಿ ಲೆಕ್ಕ ಹಾಕಿದ್ದ. ವಿಮಾನದ ಪೈಲಟ್‌ಗಳು ನೋಡುತ್ತಿದ್ದರು, ಬಾಯಿ ಬಿಡಲು ಹಿಂಜರಿಯುತ್ತಿದ್ದರು. 1989ರಲ್ಲಿ ಮಿನೆಸೊಟಾ ವಿಶ್ವವಿದ್ಯಾಲಯದವರು ಮಂದ ಬೆಳಕಿನ ಕ್ಯಾಮೆರಾ ಪರೀಕ್ಷಿಸುವಾಗ ಆಕಸ್ಮಿಕವಾಗಿ ಸೆರೆಯಾಯಿತು. ಈಗ ಅದಕ್ಕೆ 'ಸ್ಪ್ರೈಟ್' ಎಂದು ಹೆಸರಿದೆ, ಭೂಮಿಯಿಂದ 50ರಿಂದ 90 ಕಿಲೋಮೀಟರ್ ಮೇಲೆ ಕೆಂಪಗೆ ಹೊಳೆದು ಆರುತ್ತದೆ. ಹೆಸರು ಬಂದ ಮೇಲೆ ಎಲ್ಲರಿಗೂ ಧೈರ್ಯ ಬಂತು. ಈಗ ಹವ್ಯಾಸಿಗಳೇ ಫೋಟೊ ತೆಗೆಯುತ್ತಾರೆ.

*ಪ್ರಶ್ನೆ: ಇಂಥದ್ದೆಲ್ಲ ಕಣ್ಣಿನ ಭ್ರಮೆ ಅಥವಾ ಯಂತ್ರದ ದೋಷ. ಒಂದು ಸಲ ಮಾತ್ರ ಕಂಡದ್ದನ್ನು ಕಸದ ಬುಟ್ಟಿಗೆ ಹಾಕುವುದಲ್ಲವೇ ಶಾಸ್ತ್ರ? (ನಿವೃತ್ತ ಬ್ಯಾಂಕ್ ನೌಕರರು, ವಿರಾಜಪೇಟೆ)*

ಸ್ವಾಮಿ, ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಮೊದಲು ಹೇಳುತ್ತೇನೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕಕ್ಕೆ 1998ರಿಂದ ಆಗಾಗ ಕ್ಷಣಮಾತ್ರದ ವಿಚಿತ್ರ ಸಿಗ್ನಲ್‌ಗಳು ಬರುತ್ತಿದ್ದವು. ಸಿಡಿಲಿನದೇ, ಬೇರೇನೋ? ವರ್ಷಗಳ ತನಕ ಬಗೆಹರಿಯಲಿಲ್ಲ. 2015ರಲ್ಲಿ ಪತ್ತೆಯಾಯಿತು: ವೀಕ್ಷಣಾಲಯದ ಮೈಕ್ರೊವೇವ್ ಒಲೆ! ಊಟ ಬಿಸಿಯಾಗುವ ಮೊದಲೇ ತಾಳ್ಮೆಯಿಲ್ಲದೆ ಬಾಗಿಲು ತೆಗೆದರೆ ಒಂದು ಮಿಡಿತ ಹೊರಗೆ ಸೋರುತ್ತಿತ್ತು. ಸಿಗ್ನಲ್ ಬಂದ ಹೊತ್ತುಗಳನ್ನು ಸಾಲಾಗಿ ಬರೆದಾಗ ಅವು ಹಗಲಿನ ಕೆಲಸದ ವೇಳೆಗೇ ಬಂದು ಬೀಳುತ್ತಿದ್ದವು.

ಈಗ ಉಳಿದರ್ಧ. ಅದೇ ದೂರದರ್ಶಕದ 2001ರ ಟೇಪಿನಲ್ಲಿ, ಬಹುಮಟ್ಟಿಗೆ ಇದರ ಹಾಗೇ ಕಾಣುವ ಇನ್ನೊಂದು ಮಿಡಿತವಿತ್ತು. 2007ರಲ್ಲಿ ಅದನ್ನು ಹೆಕ್ಕಿದವರು ಇದು ನಮ್ಮ ಗ್ಯಾಲಕ್ಸಿಯಿಂದಾಚೆಯದು ಎಂದಾಗ ಅನುಮಾನಿಸಿದವರು ಬಹಳ ಜನ. ಒಂದೇ ಸಲ ಬಂದದ್ದು, ಮತ್ತೆ ಬರಲಿಲ್ಲ. ನಿಮ್ಮ ಮಾತು ಕೇಳಿದ್ದರೆ ಎರಡೂ ಒಂದೇ ಬುಟ್ಟಿಗೆ ಹೋಗಬೇಕಿತ್ತು. ಆಮೇಲೆ ಅಂಥವು ನೂರಾರು ಸಿಕ್ಕವು, ಕೆಲವು ಒಂದೇ ಜಾಗದಿಂದ ಮತ್ತೆ ಮತ್ತೆ ಬಂದವು. 2020ರ ಏಪ್ರಿಲಿನಲ್ಲಿ ನಮ್ಮ ಗ್ಯಾಲಕ್ಸಿಯೊಳಗಿನ, ಭಾರೀ ಕಾಂತಶಕ್ತಿಯ ಸತ್ತ ನಕ್ಷತ್ರವೊಂದರಿಂದಲೇ ಅಂಥ ಮಿಡಿತ ಬಂತು. ಒಂದು ಅಡುಗೆಮನೆಯದು, ಒಂದು ಬ್ರಹ್ಮಾಂಡದ್ದು, ನೋಡಲು ಅವಳಿ. ಒಲೆಯದು ಯಾವುದೆಂದು ಗುರುತಿಸಲು ಕಲಿತದ್ದರಿಂದಲೇ ಇನ್ನೊಂದಕ್ಕೆ ಬೆಲೆ ಬಂತು. ಬ್ಯಾಂಕಿನಲ್ಲಿ ತಾಳೆಯಾಗದ ಮೊತ್ತವನ್ನು ನೀವು ಕಸಕ್ಕೆ ಹಾಕುತ್ತಿದ್ದಿರೋ, ಬಗೆಹರಿಯುವ ತನಕ ಕಾದಿಡುವ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತಿದ್ದಿರೋ? ಅದನ್ನೇ ಇಲ್ಲೂ ಮಾಡುವುದು.

*ಪ್ರಶ್ನೆ: 2022ರಲ್ಲಿ ಚೆಂಬು ಕಡೆ ಭೂಮಿ ನಡುಗಿದಾಗ ಮೊದಲು ಗುಡುಗಿನಂಥ ಸದ್ದು, ಆಮೇಲೆ ಪಾತ್ರೆಗಳು ಅಲುಗಿದವು. ಭೂಕಂಪಕ್ಕೆ ಸದ್ದಿರುವುದಿಲ್ಲ, ಯಾರೋ ಬಂಡೆ ಒಡೆದಿದ್ದಾರೆ ಎಂದರು ನೆಂಟರು.*

ನೆಂಟರದ್ದು ತಪ್ಪು. ಭೂಕಂಪದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲ ಬಗೆ ಕಲ್ಲಿನಲ್ಲಿ ಸೆಕೆಂಡಿಗೆ ಐದಾರು ಕಿಲೋಮೀಟರ್ ಓಡುತ್ತದೆ, ಎರಡನೆಯದು ಹೆಚ್ಚು ಅಲುಗಿಸುವಂಥದು, ಅದು ನಿಧಾನ. ಸಣ್ಣ ಭೂಕಂಪ, ಕಡಿಮೆ ಆಳದಲ್ಲಿ ಆದರೆ, ಮೊದಲ ಅಲೆ ನೆಲವನ್ನು ಧ್ವನಿವರ್ಧಕದ ಪರದೆಯಂತೆ ಕಂಪಿಸಿ ಗಾಳಿಗೆ ಸದ್ದು ಕೊಡುತ್ತದೆ. ಕಂಪನ ಸೆಕೆಂಡಿಗೆ ಇಪ್ಪತ್ತು ಸಲ ದಾಟಿದರೆ ಕಿವಿಗೆ ಕೇಳುತ್ತದೆ. ಆ ಜೂನ್-ಜುಲೈಯ ಕಂಪನಗಳು ಮೂರರ ಪ್ರಮಾಣದ ಆಸುಪಾಸಿನವು. ಸದ್ದು ಮೊದಲು, ಪಾತ್ರೆ ಆಮೇಲೆ ಎಂಬ ನಿಮ್ಮ ಕ್ರಮವೇ ಸರಿಯಾದ ಸಾಕ್ಷಿ. ಸಾಕ್ಷ್ಯ ಒಂಬತ್ತು, ತೊಡಕು ಒಂದು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಮಳೆಗಾಲದ ಯಾವ ಸದ್ದಾದರೂ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೆ ಮಾರ್ಕಿನ ಲೆಕ್ಕವಿಲ್ಲ.

*ಪ್ರಶ್ನೆ: ಕೇರಳದಲ್ಲಿ ರಕ್ತದ ಮಳೆ ಬಿದ್ದದ್ದು ನಿಜವೇ? ಅನ್ಯಗ್ರಹದ ಜೀವಿ ಎಂದೂ ಓದಿದ್ದೆ. ನಮ್ಮ ಭಾಗಮಂಡಲಕ್ಕೂ ಬರಬಹುದೇ?*

ಕೆಂಪು ಮಳೆ ಬಿದ್ದದ್ದು ನಿಜ. 2001ರ ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ, ಕೋಟ್ಟಯಂ, ಇಡುಕ್ಕಿ ಕಡೆ ಬಿಟ್ಟುಬಿಟ್ಟು ಬಿತ್ತು. ಒಗೆದು ಹಾಕಿದ ಬಟ್ಟೆಗೆ ಬಣ್ಣ ಹತ್ತಿತು. ಅಲ್ಲಿನ ಭೂವಿಜ್ಞಾನ ಕೇಂದ್ರದವರೂ ಸಸ್ಯೋದ್ಯಾನ ಸಂಶೋಧಕರೂ ಸೇರಿ ನೀರನ್ನು ಪರೀಕ್ಷಿಸಿ, ಬಣ್ಣ ಟ್ರೆಂಟೆಪೋಲಿಯ ಎಂಬ ಪಾಚಿಯ ಬೀಜಕಣಗಳದ್ದು ಎಂದರು. ನೀರಿನಲ್ಲಿದ್ದುದನ್ನು ಬೆಳೆಸಿ ನೋಡಿದಾಗ ಆ ಪಾಚಿಯೇ ಬಂತು. ಇಬ್ಬರು ಭೌತವಿಜ್ಞಾನಿಗಳು ಮಾತ್ರ ಅವು ಉಲ್ಕೆಯೊಂದಿಗೆ ಬಂದ ಅನ್ಯಲೋಕದ ಜೀವಕೋಶಗಳು ಎಂದು ಬರೆದರು, ಪೇಪರಿನವರಿಗೆ ಅದೇ ರುಚಿಸಿತು.

ಭಾಗಮಂಡಲದವರು ದೂರ ಹೋಗಬೇಕಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಮರದ ಬೊಡ್ಡೆಯ ಮೇಲೆ, ಕಾಂಪೌಂಡ್ ಗೋಡೆಯ ಮೇಲೆ ಕೇಸರಿ ಬಣ್ಣದ ವೆಲ್ವೆಟ್ಟಿನಂಥ ಪದರ ನೋಡಿಲ್ಲವೇ? ಸುಣ್ಣ ಹೊಡೆದವನನ್ನು ಬೈಯುತ್ತೀರಲ್ಲ, ಅದೇ. ಅದು ಹಸಿರು ಪಾಚಿಯ ಜಾತಿಯೇ, ಒಳಗಿನ ಕೇಸರಿ ಬಣ್ಣ ಹಸಿರನ್ನು ಮುಚ್ಚಿಡುತ್ತದೆ. ಇಷ್ಟು ಬೀಜಕಣ ಒಟ್ಟಿಗೆ ಮೋಡಕ್ಕೆ ಹೇಗೆ ಏರಿತು ಎಂಬುದು ಇನ್ನೂ ಪೂರ್ತಿ ಬಿಡಿಸದ ಒಗಟು. ಆದರೆ ಒಗಟಿನ ಆ ತುಂಡು ಗಾಳಿಯದ್ದು, ಅನ್ಯಗ್ರಹದ್ದಲ್ಲ.

*ಪ್ರಶ್ನೆ: ಕಕ್ಕಡ 18ರಂದು ಮಾತ್ರ, ನಾವು ಪಾಯಸ ಮಾಡುವ ಮದ್ದುಸೊಪ್ಪಿಗೆ 18 ಬಗೆಯ ಮದ್ದು ಸೇರುತ್ತದೆ, ಆ ದಿನವೇ ಪರಿಮಳ. ವಿಜ್ಞಾನ ಏನನ್ನುತ್ತದೆ?*

ಚೆಂಡು ಮಿಂಚಿಗಿಂತ ಸುಲಭದ ಪ್ರಶ್ನೆ. ಇದು ವರ್ಷಾ ವರ್ಷಾ ತಾರೀಖು ಹೇಳಿಯೇ ಬರುತ್ತದೆ. ಒಂದೇ ಗಿಡದ ಸೊಪ್ಪನ್ನು ಕಕ್ಕಡ 10, 18, 26ರಂದು ಕೊಯ್ಯಿರಿ, ಒಂದೇ ಅಳತೆ, ಒಂದೇ ಹೊತ್ತು ಕುದಿಸಿ, ಬಾಟಲಿಗೆ ಹಾಕಿ ನಂಬರು ಅಂಟಿಸಿ. ನಂಬರಿನ ಗುಟ್ಟು ಒಬ್ಬರ ಹತ್ತಿರ ಮಾತ್ರ ಇರಲಿ. ಮೂಸುವವರು ಬೇರೆ, ಬರೆದುಕೊಳ್ಳುವವರು ಬೇರೆ. ನಮ್ಮ ಮನೆಯಲ್ಲಿ ಪ್ರಸ್ತಾಪಿಸಿದಾಗ, ಕಕ್ಕಡ 10ಕ್ಕೆ ಪಾಯಸ ಮಾಡುವುದಿಲ್ಲ ಎಂಬ ಉತ್ತರ ಬಂತು. ನಿಮ್ಮಲ್ಲಿ ಯಾರಾದರೂ ಮಾಡಿದರೆ ಫಲಿತಾಂಶ ಕಳಿಸಿ, ಯಾವ ಕಡೆ ಬಂದರೂ ಅಚ್ಚು ಹಾಕಿಸುತ್ತೇನೆ.

*ಪ್ರಶ್ನೆ: ಎಲ್ಲರಿಗೂ ಮಾರ್ಕು ಕೊಡುತ್ತೀರಿ. ನಿಮಗೇ ಏನೂ ಕಂಡಿಲ್ಲವೇ ಮೇಷ್ಟ್ರೇ? (ಸೋಮವಾರಪೇಟೆ)*

ನನಗಿಲ್ಲ, ಅಪ್ಪನಿಗೆ ಕಂಡಿತ್ತು. ತೋಟ ಇರುವ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುವಂತೆ ನಮ್ಮಲ್ಲೂ ಇತ್ತು. ಬೆಳಿಗ್ಗೆ ಎಂಟಕ್ಕೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುವುದು, ಮದುವೆಯಾಗಲಿ ಸಾವಾಗಲಿ ತಪ್ಪಿಸುವಂತಿಲ್ಲ. ಒಂದು ಪುಟದಲ್ಲಿ ಅಪ್ಪನ ಅಕ್ಷರ ಹೀಗಿದೆ: "14. ಮಳೆ ಇಲ್ಲ. ರಾತ್ರಿ 7.20, ಬಡಗಿಂದ ತೆಂಕಿಗೆ ಹಸಿರು ಬೆಳಕು, ಕಣದಲ್ಲಿ ನಮ್ಮ ನೆರಳು ಬಿತ್ತು. ಸದ್ದಿಲ್ಲ. ಎಣಿಸಿದೆ, ಐದು." ಮುಂದಿನ ಸಾಲಿನಲ್ಲಿ ಎಂದಿನಂತೆ ಮಳೆಯ ಲೆಕ್ಕ.

ದಿಕ್ಕಿದೆ, ಹೊತ್ತಿದೆ, ನೆರಳು ಬೀಳುವಷ್ಟು ಪ್ರಕಾಶ ಎಂಬ ಅಳತೆಯಿದೆ, ಆಗಲೇ ಬರೆದದ್ದು. ಸಾಕ್ಷ್ಯಕ್ಕೆ ಎಂಟು. ದೊಡ್ಡ ಉಲ್ಕೆಗಳು ಹಸಿರಾಗಿ ಉರಿಯುವುದುಂಟು, ಹಾಗಾಗಿ ತೊಡಕಿಗೆ ಎರಡು ಸಾಕು. ತೊಂದರೆ ಬೇರೆ. ಪುಟದ ಮೇಲಿನ ಮೂಲೆಯನ್ನು, ತಿಂಗಳು-ಇಸವಿ ಇದ್ದ ಜಾಗವನ್ನು, ಗೆದ್ದಲು ತಿಂದಿದೆ. ನಾಲ್ಕು ಸಾಲು ಕೆಳಗೆ "ಹೂಮಳೆ 1 ಇಂಚು 10 ಸೆಂಟ್" ಎಂದಿರುವುದರಿಂದ, ಕಾಫಿ ಹೂ ಅರಳಿಸುವ ಆ ಮಳೆ ಬರುವ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ನೆರಳು ಬಿದ್ದ ಕಣ ಸಿಮೆಂಟ್ ಆದದ್ದು 1961ರಲ್ಲಿ, ಪುಸ್ತಕ ಮುಗಿದದ್ದು 1968ರಲ್ಲಿ, ಹಾಗಾಗಿ ಇಸವಿ ಈ ನಡುವಿನದು.

ಕೊಡಗಿನಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಆ ವರ್ಷಗಳ ಮಳೆ ಪುಸ್ತಕ ಇದ್ದರೆ, ಆ ಮೂರು ತಿಂಗಳ 14ನೇ ತಾರೀಖಿನ ಸಾಲುಗಳನ್ನು ದಯವಿಟ್ಟು ನೋಡಿ. ಹಸಿರು ಬೆಳಕು ಎಂದಿರಬೇಕಾಗಿಲ್ಲ. 18ರಂದು 1 ಇಂಚು 10 ಸೆಂಟಿನ ಹತ್ತಿರ ಮಳೆ ಬರೆದಿದ್ದರೂ ಸಾಕು, ಇಸವಿ ಸಿಗುತ್ತದೆ. ಪುಟದ ಫೋಟೊ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕಾಗದ ಮಾತ್ರ ಒಣಗಿಸಿ ಕಳಿಸಿ.